ಬಲಗಣ್ಣಿನ ಗಾಜು

ಶ್ರೀ ಕಾಳಿಕಾದೇವಿ ಪ್ರಸನ್ನ

ಸಿಂದಗಿ
ಗುರುವಾರ, 29-4-1999

ಪ್ರೀತಿಯ ಮಗ ಅನೀಲನಿಗೆ ನಿನ್ನ ಅವ್ವ ದೂರದಿಂದಲೇ ತಲೆ ಸವರಿ ಬರೆಯುವ ಕಾಗದ.

ಹೇಗಿದ್ದೀಯಪ್ಪ? ಕೊಲ್ಹಾಪುರದ ಆ ಎರಕದ ಕಾರ್ಖಾನೆಯ ಝಳಕ್ಕೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಹೋದವೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಗಾಡಿಯ ಮುಂದೆ ನಿಂತು ವಡಾಪಾವ್ ತಿಂದು ಹೊಟ್ಟೆ ತುಂಬಿತು ಅನ್ನುತ್ತೀಯೋ? ಶಿವರಾತ್ರಿಗೆ ಬಂದಾಗ ನಿನ್ನ ಕತ್ತಿನ ಎಲುಬು ಎಣಿಸುವಂತಿತ್ತು. ನಾನು ಗಟ್ಟಿಯಾಗಿದ್ದೇನೆ, ನನಗೇನು ಧಾಡಿ. ನಿನ್ನ ಅಪ್ಪ ಉಂಡು ಪಡಸಾಲೆಯಲ್ಲಿ ಕುಳಿತಿದ್ದಾರೆ. ಕುಳಿತಿದ್ದಾರೆ ಅಂತ ಬರೆದೆ, ಕೆಲಸಕ್ಕೆ ಕುಳಿತಿದ್ದಾರೆ ಅಂತ ಬರೆಯಲಿಲ್ಲ, ನೋಡು. ಅದನ್ನು ಹೇಳಲಿಕ್ಕೇ ಈ ಕಾಗದ. ಎಸ್‌ಟಿಡಿ ಬೂತಿನಿಂದ ಫೋನು ಮಾಡಬಹುದಿತ್ತು. ಆದರೆ ಅಲ್ಲಿ ಬೆನ್ನ ಹಿಂದೆ ನಾಲ್ಕು ಜನ ಕಿವಿ ಕೊಟ್ಟುಕೊಂಡು ನಿಂತಿರುತ್ತಾರೆ, ನಾನು ಅತ್ತುಬಿಟ್ಟರೆ ಊರಿಗೆಲ್ಲ ಸುದ್ದಿಯಾಗುತ್ತದೆ.

ಅಪ್ಪನ ಬೆಳ್ಳಿ ಚಷ್ಮಾ ನೆನಪಿದೆಯಲ್ಲ? ನೀನು ಮೂರನೇ ಇಯತ್ತೆಯಲ್ಲಿದ್ದಾಗ ಮಿರಜಿನ ಡಾಕ್ಟರು ನಂಬರು ಬರೆದುಕೊಟ್ಟಿದ್ದರು. ಗಾಜು ಮಾತ್ರ ಅಲ್ಲಿಂದ ತಂದು ಫ್ರೇಮನ್ನು ಇವರೇ ಬೆಳ್ಳಿ ತಂತಿ ಎಳೆದು ಮಾಡಿಕೊಂಡರು. “ಬೆಳ್ಳಿ ಬಂಗಾರ ಬಡಿಯೋ ಪತ್ತಾರ ಆಗಿ ಮಂದಿ ಮಾಡಿದ ಫ್ರೇಮ್ ಮೂಗಿನ ಮ್ಯಾಲ ಇಟ್ಕೊಳ್ಳೇನು?” ಅಂತ ಠೀವಿ ಬೇರೆ. ತಂತಿಯನ್ನು ಬಳೆಯ ಹಾಗೆ ಬಗ್ಗಿಸುವುದು ಸುಲಭ ಅಂತ ಎರಡೂ ಗಾಜನ್ನು ಒಂದೇ ಅಳತೆಗೆ ದುಂಡಗೆ ಕೊರೆಸಿದ್ದರು. ಅದು ಆರು ಸಲ ಮುರಿಯಿತು, ಆರು ಸಲ ಬೆಸೆದರು. ಈ ಯುಗಾದಿ ಆದಮೇಲೆ ಒಂದು ದಿನ ಅಗ್ಗಿಷ್ಟಿಕೆಯ ಮುಂದೆ ಬಗ್ಗಿದಾಗ ಮೂಗಿನಿಂದ ಜಾರಿ ಬಿದ್ದು ಏಳನೇ ಸಲ ನಡುವೆಯೇ ಎರಡಾಯಿತು. ಗಾಜಿಗೆ ಏನೂ ಆಗಲಿಲ್ಲ. ಬೆಸೆಯೋಣವೆಂದರೆ ಮುರಿದ ಜಾಗ ಕಾಣಬೇಕು, ಕಾಣಬೇಕೆಂದರೆ ಮೂಗಿನ ಮೇಲೆ ಚಷ್ಮಾ ಇರಬೇಕು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಈ ಮನೆಯಲ್ಲಿ ನಕ್ಕಿದ್ದು ಅದೇ ಕೊನೆ.

ವಿಜಾಪುರದ ಅಂಗಡಿಯಲ್ಲಿ ವಿಚಾರಿಸಿದರೆ ಗಾಜೂ ಹೊಸದು, ಫ್ರೇಮೂ ಹೊಸದು, ಎಲ್ಲ ಸೇರಿ ಆರುನೂರು ಅಂದರು. ಇಂಡಿ ಬಸ್‌ಸ್ಟ್ಯಾಂಡಿನ ಎದುರು ಜುಲ್ಫಿಕರ ಅಂತ ಒಬ್ಬ ಇದ್ದಾನೆ, ಹಳೆಯ ಗಾಜನ್ನೇ ಹೊಸ ಫ್ರೇಮಿಗೆ ಕೂರಿಸಿ ಐವತ್ತು ರೂಪಾಯಿಯಲ್ಲಿ ಮುಗಿಸುತ್ತಾನೆ ಅಂತ ಪಕ್ಕದ ಮನೆಯ ಅಬಿದಾ ಹೇಳಿದಳು. ಅಪ್ಪನಿಗೆ ಬಸ್ಸಿನ ಧೂಳು ಆಗದು, ನೀನ ಹೋಗಿ ಬಾ ಅಂದರು. ನಮ್ಮ ಮನೆತನದ ರೀತಿ ನಿನಗೆ ಗೊತ್ತಲ್ಲ, ತೂಕ ಮಾಡದೆ ಬೆಳ್ಳಿ ಬಂಗಾರ ಹೊಸ್ತಿಲು ದಾಟಬಾರದು. ಅವತ್ತು ತಕ್ಕಡಿಯ ಮುಳ್ಳು ನೋಡಲು ಅವರಿಗೆ ಕಣ್ಣಿಲ್ಲ. ಅದಕ್ಕೆ ನಾನೇ ಬೆಳ್ಳಿ ಫ್ರೇಮಿನಿಂದ ಎರಡೂ ಗಾಜು ಬಿಡಿಸಿಕೊಂಡು, ಬೆಳ್ಳಿಯನ್ನು ಪೆಟ್ಟಿಗೆಯಲ್ಲಿಟ್ಟು, ಗಾಜನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದೆ. ಸಂಜೆಯೊಳಗೆ ಕಪ್ಪು ಫ್ರೇಮಿನ ಚಷ್ಮಾ ತಂದೆ. ಹಾಕಿಕೊಂಡು “ಒಂದೀಟು ತಲಿ ತಿರಗಿಧಂಗ ಆಗ್ತೈತಿ” ಅಂದರು. “ಹೊಸಾದು ಐತ್ರಿ, ನಾಕ ದಿನದಾಗ ರೂಢಿ ಆಗ್ತೈತಿ” ಅಂತ ನಾನೇ ಅಂದೆ. ಐನೂರೈವತ್ತು ರೂಪಾಯಿ ಉಳಿಸಿದೆ ಅಂತ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಅದಾಗಿ ಎಂಟು ದಿನಕ್ಕೆ ಕನ್ನೊಳ್ಳಿಯ ಲಕ್ಕವ್ವ ತನ್ನ ಮಗಳು ಭಾಗ್ಯಜ್ಯೋತಿಯ ತಾಳಿ ಮಾಡಿಸಲು ಬಂದಳು. ಅವರ ಮನೆಯಲ್ಲಿ ಮುತ್ತೈದೆಯಾಗಿ ಸತ್ತ ಹಿರಿಯಳ ತಾಳಿಯ ಒಂದು ಚೂರನ್ನು ಮದುಮಗಳ ತಾಳಿಯ ಎರಡು ಬಟ್ಟಲಲ್ಲಿ ಒಂದರೊಳಗೆ ಬೆಸೆಯಬೇಕು. ಹಿಂದಿನ ಮೂರು ಮದುವೆಗೂ ಅಪ್ಪನೇ ಬೆಸೆದುಕೊಟ್ಟಿದ್ದರು. ಇನ್ನು ಉಳಿದದ್ದು ಜೋಳದ ಕಾಳಿನಷ್ಟು ಚೂರು, ಅದೂ ಕೊನೆಯದು. ತಾಳಿ ಆರುವವರೆಗೂ ಮನೆಯ ಹೆಂಗಸು ಅಗ್ಗಿಷ್ಟಿಕೆಯ ಎದುರು ಕುಂಕುಮದ ತಟ್ಟೆ ಹಿಡಿದು ಕೂರುವ ಪದ್ಧತಿ. ಲಕ್ಕವ್ವ ಕುಳಿತಿದ್ದಳು, ನಾನೂ ಪಕ್ಕದಲ್ಲಿದ್ದೆ. ಬೆಸುಗೆ ಕರಗಿ ಥಳಕ್ ಅಂತ ಹೊಳೆಯುವ ಒಂದು ಗಳಿಗೆ ಇರುತ್ತದೆ, ಆಗಲೇ ಊದುಗೊಳವೆ ತೆಗೆಯಬೇಕು. ಅದನ್ನು ನಿನಗೆ ಕಲಿಸಲು ಹೋಗಿ ಎಷ್ಟು ಬೈಗುಳ ಬೈದಿದ್ದರು! ಆ ಗಳಿಗೆ ಬಂತು, ನನಗೇ ಕಂಡಿತು. ಅವರಿಗೆ ಕಾಣಲಿಲ್ಲ. ಇನ್ನೊಂದು ಉಸಿರು ಊದಿದರು. ಎರಡೂ ಬಟ್ಟಲು ಕುಸಿದು, ಹಿರಿಯಳ ಚೂರೂ ಅದರಲ್ಲೇ ಸೇರಿ, ಒಂದು ಬಂಗಾರದ ಮುದ್ದೆ ಉಳಿಯಿತು.

ಲಕ್ಕವ್ವ ಬೈದಿದ್ದರೆ ಚಲೋ ಇತ್ತು. ಆರಿದ ಮೇಲೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, “ಬರ್ತೇನ್ರಿ ಕಲ್ಮೇಶಪ್ಪಾರ” ಅಂತ ಅಷ್ಟೇ ಅಂದು ಹೋದಳು. ಯಾವುದೋ ಅಂಗಡಿಯ ತಯಾರಿ ತಾಳಿ ಕಟ್ಟಿ ಮದುವೆ ಮುಗಿಸಿದರಂತೆ. ನಮ್ಮನ್ನು ಕರೆಯಲಿಲ್ಲ. ಮದುವೆಯ ಹಂಗಾಮಿನಲ್ಲಿ ಒಬ್ಬರೂ ನಮ್ಮ ಹೊಸ್ತಿಲು ತುಳಿದಿಲ್ಲ. ನಾನು ಡಾಕ್ಟರ ಹತ್ತಿರ ಹೋಗೋಣ ಅಂದರೆ ಅಪ್ಪ, “ಕುರುಡ ಅಂತ ಚೀಟಿ ಬರಿಸ್ಕೊಂಡ ಬರಾಕ ಹೋಗ್ಲೇನು? ನನ್ನ ಕಣ್ಣು ಹೋದುವು. ತಾಳಿ ಕರಗಿಸಿದ ಕೈಲೆ ಇನ್ನ ಯಾರಿಗಿ ತಾಳಿ ಮಾಡ್ಲಿ?” ಅಂದರು. ಚಷ್ಮಾ ತೆಗೆದು ಗೂಡಿನಲ್ಲಿ ಇಟ್ಟವರು ಮತ್ತೆ ಮುಟ್ಟಲಿಲ್ಲ. ಹೋದ ಸೋಮವಾರ ಬಸವನ ಬಾಗೇವಾಡಿಯ ಹಳೆ ಸಾಮಾನಿನ ವ್ಯಾಪಾರಿ ಶ್ರೀಶೈಲಪ್ಪನನ್ನು ಕರೆಸಿ, ಅಡಿಗಲ್ಲು, ಇಕ್ಕಳ, ಊದುಗೊಳವೆ, ನಿನ್ನ ಮುತ್ತಜ್ಜನ ತಂತಿ ಎಳೆಯುವ ಅಚ್ಚು, ಎಲ್ಲ ಕೊಟ್ಟುಬಿಟ್ಟರು. ಒಂದೊಂದನ್ನೂ ಮುಟ್ಟಿ ಮುಟ್ಟಿ ಕೊಟ್ಟರು ಅನೀಲಾ. ಈಗ ಆ ಮೂಲೆಯಲ್ಲಿ ಬೂದಿ ಮಾತ್ರ ಇದೆ, ಗುಡಿಸಲು ನನಗೆ ಮನಸ್ಸಿಲ್ಲ. ಹೊತ್ತು ಹುಟ್ಟಿದರೆ ಇದೇ ಮೂಲೆಯ ಎದುರು ಬಂದು ಕೂರುತ್ತಾರೆ, ಉಣ್ಣು ಅಂದರೆ ಉಣ್ಣುತ್ತಾರೆ. ನೀನು ಯಂತ್ರದ ಕೆಲಸಕ್ಕೆ ಹೋದಾಗಲೂ ಅವರು ಇಷ್ಟು ಸಣ್ಣಗಾಗಿರಲಿಲ್ಲ. ನನಗೆ ಬದುಕೇ ಬೇಡವಾಗಿದೆ.

ಎರಡು ದಿನದ ಮಟ್ಟಿಗಾದರೂ ರಜೆ ಕೇಳಿ ಬಾ. ಬಂದವನು ಸಾಮಾನು ಎಲ್ಲಿ ಅಂತ ಮಾತ್ರ ಕೇಳಬೇಡ. ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಬೇಡ. ಕಾಳಮ್ಮ ತಾಯಿ ನಿನ್ನ ಕಣ್ಣು ಕೈ ಗಟ್ಟಿಯಾಗಿಡಲಿ. ನಿನ್ನ ಖೋಲಿಯ ಗೆಳೆಯರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅವ್ವ,
ಸುಂದರವ್ವ

ತಾ.ಕ.: ಕಾಗದ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೊನ್ನೆ ಮಂಗಳವಾರ ಅಪ್ಪನಿಗೆ ಹೇಳದೆ, ಇನ್ನೂ ಜೋರು ಗಾಜು ಹಾಕಿಸೋಣ ಅಂತ ಆ ಚಷ್ಮಾ ಮತ್ತು ಟ್ರಂಕಿನಲ್ಲಿದ್ದ ಮಿರಜಿನ ಹಳೆ ಚೀಟಿ ತೆಗೆದುಕೊಂಡು ಇಂಡಿಗೆ ಹೋಗಿದ್ದೆ. ಜುಲ್ಫಿಕರ ಗಾಜನ್ನು ಯಂತ್ರದಲ್ಲಿಟ್ಟು ನೋಡಿದ, ಚೀಟಿ ನೋಡಿದ, ನನ್ನ ಮುಖ ನೋಡಿದ. “ಅಕ್ಕಾರ, ಬಲಗಣ್ಣಿಂದು ಎಡಕ್ಕ ಐತಿ, ಎಡಗಣ್ಣಿಂದು ಬಲಕ್ಕ ಐತ್ರಿ” ಅಂದ. ಅವತ್ತೇ ಅವನು ಕೇಳಿದ್ದನಪ್ಪ, ಬಲಗಣ್ಣಿನದು ಯಾವುದು ಅಂತ. ಸೆರಗಿನ ಗಂಟು ಬಿಚ್ಚಿದರೆ ಎರಡೂ ಒಂದೇ ಥರ ದುಂಡಗೆ. ಯಜಮಾನರನ್ನೇ ಕರೆದುಕೊಂಡು ಬನ್ನಿ ಅಂತಲೂ ಅಂದ. ಸಿಂದಗಿ ಬಸ್ಸು ಹಾರ್ನು ಹೊಡೆಯುತ್ತಿತ್ತು. ಪತ್ತಾರನ ಹೆಂಡತಿಯಾಗಿ ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ, ಕೈಗೆ ಸಿಕ್ಕಿದ್ದನ್ನು ತೋರಿಸಿ ಇದೇ ಅಂದುಬಿಟ್ಟೆ. ಅಪ್ಪನ ಕಣ್ಣಿಗೆ ಏನೂ ಆಗಿಲ್ಲ. ಜುಲ್ಫಿಕರ ದುಡ್ಡು ಮುಟ್ಟದೆ ಅದಲು ಬದಲು ಮಾಡಿಕೊಟ್ಟ. ಅಲ್ಲಿಂದಲೇ ಬಾಗೇವಾಡಿಗೆ ಹೋದರೆ, ಶ್ರೀಶೈಲಪ್ಪ ಸಾಮಾನನ್ನೆಲ್ಲ ಅಂದೇ ಬೆಳಿಗ್ಗೆ ಮುದ್ದೇಬಿಹಾಳದ ಮೋಡಕಾದವನಿಗೆ ಗುಜರಿ ತೂಕದ ಮೇಲೆ ಹಾಕಿದ್ದ. ಚಷ್ಮಾ ಈಗ ಜೋಳದ ಡಬ್ಬಿಯಲ್ಲಿದೆ. ಮೂರು ದಿನದಿಂದ ಕೈ ಹಾಕುತ್ತೇನೆ, ತೆಗೆಯುತ್ತೇನೆ. ಹಾಕಿಕೊಂಡರೆ ಅವರಿಗೆ ಎಲ್ಲ ಸ್ವಚ್ಛ ಕಾಣುತ್ತದೆ, ಮೊದಲು ಕಾಣುವುದು ಎದುರಿಗೆ ನಿಂತ ನನ್ನ ಮುಖ. ಉತ್ತರ ಬರೆಯಬೇಡ, ಬಂದ ಕಾಗದವನ್ನು ಅಪ್ಪ ನಮ್ಮ ಓಣಿಯ ಗುರಣ್ಣನಿಂದ ಓದಿಸಿಕೊಳ್ಳುತ್ತಾರೆ. ನೀನೇ ಬಾ. ಬಂದು ನೀನೇ ಅವರ ಮೂಗಿನ ಮೇಲೆ ಇಡು, ನಾನು ಅಷ್ಟು ಹೊತ್ತು ಹಿತ್ತಲಿನಲ್ಲಿ ಇರುತ್ತೇನೆ.