ಹತ್ತೊಂಬತ್ತು ಮಡಕೆ, ನಲವತ್ತೇಳು ಹೆಸರು

ತಲಕಾಡು
ಭಾನುವಾರ, ೬ ಜುಲೈ ೨೦೨೫

ಗುರುಬಸಮ್ಮನಿಗೆ, ಮನೆ ಕಾಯುತ್ತಿರುವ ನಿನ್ನ ಮಹಾದೇವಸ್ವಾಮಿಯ ಪ್ರೀತಿಯ ನೆನಪುಗಳು.

ಬಾಣಂತಿ ಮಗಳು ಹೇಗಿದ್ದಾಳೆ? ಸುನೀತಾಳ ಸೊಂಟನೋವು ಕಡಿಮೆಯಾಯಿತೇ? ಮೊಮ್ಮಗಳು ಹಗಲೆಲ್ಲ ಮಲಗಿ ಕತ್ತಲಾದ ಮೇಲೆ ಎದ್ದು ಕೂರುತ್ತಾಳೆ ಅಂದೆಯಲ್ಲ, ಅದು ನಿನ್ನ ತವರಿನ ಗುಣ, ನಮ್ಮ ಕಡೆಯದಲ್ಲ. ನಿನ್ನ ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಇಲ್ಲಿ ನಾನೂ ಹಸುವೂ ಆರಾಮ. ನೀನಿಲ್ಲವೆಂದು ಹಸು ಅರ್ಧ ಲೀಟರು ಹಾಲು ಕಡಿಮೆ ಮಾಡಿದೆ, ನಾನು ಸಾರಿಗೆ ಉಪ್ಪು ಜಾಸ್ತಿ ಮಾಡಿದ್ದೇನೆ. ಬೀಗರು ಶಿವಸ್ವಾಮಿಯವರು ಇಲ್ಲಿ ದೇವಸ್ಥಾನಕ್ಕೆ ಬಂದಿದ್ದಾರೆ, ಮಧ್ಯಾಹ್ನದ ಬಸ್ಸಿಗೆ ನಂಜನಗೂಡಿಗೆ ಹೊರಡುತ್ತಾರೆ. ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿದ್ದೂ ಇದೆಂಥ ಕಾಗದ ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ನೀನು ಊಟ ಆಯ್ತಾ ಎಂದು ಕೇಳಿ ಮಗುವಿನ ಕಡೆ ತಿರುಗಿಬಿಡುತ್ತೀಯ. ಈ ವಿಷಯ ಸ್ವಲ್ಪ ಉದ್ದ.

ವಿಷಯ ನಿನ್ನ ಬಿತ್ತನೆ ಭತ್ತದ್ದು. ಗಾಬರಿಯಾಗಬೇಡ, ಪೂರ್ತಿ ಓದು. ನೀನು ಹೋದ ಮೂರನೇ ವಾರಕ್ಕೆ ನಿನ್ನ ತಮ್ಮನ ಮಗ ಹೇಮಂತ್ ಬಂದ. ನರಸೀಪುರದ ಬಸ್‌ಸ್ಟ್ಯಾಂಡ್ ಎದುರು ಪಹಣಿ, ಆಧಾರ್ ತೆಗೆದುಕೊಡುತ್ತಿದ್ದ ತನ್ನ ಅಂಗಡಿಗೆ ಮಹಾಶಯ ಈಗ ಹೊಸ ಬೋರ್ಡು ಹಾಕಿದ್ದಾನೆ. ಎಐ ಮೂಲಕ ಎಲ್ಲ ಬಗೆಯ ಅನುದಾನದ ಅರ್ಜಿ ಬರೆದುಕೊಡಲಾಗುವುದು ಎಂದು. ಎಐ ಎಂದರೆ ಏನು ಎಂದು ನೀನು ಕೇಳುತ್ತೀಯ. ತಲೆ ಓಡಿಸಲು ಸೋಮಾರಿಯಾದವರ ಪರವಾಗಿ ತಲೆ ಓಡಿಸಿದಂತೆ ನಟಿಸುವ ಯಂತ್ರ, ಅಷ್ಟೇ. ಬೆಂಗಳೂರಿನ ಯಾವುದೋ ಟ್ರಸ್ಟು ನಾಟಿ ಬೀಜ ಉಳಿಸುವವರಿಗೆ ಅನುದಾನ ಕೊಡುತ್ತದಂತೆ. ಬೀಜದ ಕೋಣೆಗೆ ಸಿಮೆಂಟು ನೆಲ, ಇಲಿ ಹೊಗದಂಥ ಕಬ್ಬಿಣದ ಕಪಾಟು, ಒದ್ದೆ ಹಿಡಿಯದ ಗೋಡೆ. ನೀನು ಆ ಕತ್ತಲೆ ಕೋಣೆಯಲ್ಲಿ ಮಂಡಿ ಹಿಡಿದುಕೊಂಡು ಏಳುವುದನ್ನು ನೋಡಿ ನೋಡಿ ನನಗೂ ಆಸೆಯಾಯಿತು. ನೀನು ಬರುವಷ್ಟರಲ್ಲಿ ಮಾಡಿಸಿ ತೋರಿಸೋಣ ಎಂದುಕೊಂಡೆ.

ಆ ಯಂತ್ರಕ್ಕೆ ಹೇಮಂತ್ ನಿನ್ನ ಹೆಸರು, ಊರು, ಭತ್ತದ ಬೀಜ, ಇಷ್ಟು ಹೇಳಿದ. ನಾನು ಟೀ ಲೋಟ ಕೆಳಗಿಡುವಷ್ಟರಲ್ಲಿ ಹನ್ನೊಂದು ಪುಟ ಕಕ್ಕಿತು. ಮೂವತ್ತನಾಲ್ಕು ವರ್ಷ ಮಕ್ಕಳ ಪ್ರಬಂಧ ತಿದ್ದಿದವನು ನಾನು. ಕಾಡನ್ನೇ ನೋಡದೆ ಆನೆಯ ಬಗ್ಗೆ ಬರೆದ ಹುಡುಗರಿದ್ದರು, ಅವರಿಗೂ ಇಷ್ಟು ಧೈರ್ಯ ಇರಲಿಲ್ಲ. ತಲಕಾಡು ಎಂದ ಕೂಡಲೆ ಆ ಮೂರ್ಖ ಯಂತ್ರಕ್ಕೆ ಮರಳು ನೆನಪಾಗಿದೆ, ಹಾಗಾಗಿ ನೀನು ಮರಳುದಿಬ್ಬದ ಮೇಲೆ ಭತ್ತ ಬೆಳೆಯುತ್ತೀಯಂತೆ. ಮಾಧವಮಂತ್ರಿ ನಾಲೆಯ ನೀರು ಗದ್ದೆಯಲ್ಲಿ ನಿಂತಿರುವಾಗ ನಮ್ಮದು ಬರಡು ಸೀಮೆಯಂತೆ. ನೀನು ಧ್ವನಿಯಿಲ್ಲದ ಮಹಿಳೆಯಂತೆ. ಇದನ್ನು ಹೇಮಂತ್ ಓದಿದಾಗ ನಾನು ನಕ್ಕ ನಗೆಗೆ ಪಕ್ಕದ ಅಂಗಡಿಯವನು ಇಣುಕಿ ನೋಡಿದ. ಹಿತ್ತಿಲಲ್ಲಿ ನಿಂತು ನೀನು ನನ್ನನ್ನು ಕರೆದರೆ ಹೊಳೆದಂಡೆಯಲ್ಲಿರುವವರು ನನಗೆ ಬಂದು ಹೇಳುತ್ತಾರೆ, ಮೇಷ್ಟ್ರೇ, ಮನೇಲಿ ಕರೀತಾವ್ರೆ ಎಂದು.

ಕೊನೆಗೆ ನಿನ್ನ ಬಳಿ ನಲವತ್ತೇಳು ತಳಿಗಳಿವೆ ಎಂದು ಬರೆದಿತ್ತು. ಇರುವುದು ಹತ್ತೊಂಬತ್ತು ಕಣೋ ಎಂದೆ. ಹೇಮಂತ್ ತಲೆಯನ್ನೂ ಎತ್ತಲಿಲ್ಲ. "ನಾನೇಳಿಲ್ಲ ಮಾವ, ಅದೇ ಆಕ್ಕಂಡದೆ. ಕಮ್ಮಿ ಮಾಡುದ್ರೆ ಮಾರ್ಕ್ಸೂ ಕಮ್ಮಿ ಆಯ್ತದೆ, ಬುಡಿ" ಅಂದ. ಓದಿ ತಿಳಿಯಲಾರದ್ದನ್ನು ಬರೆದುಕೊಡುವ, ಬರೆದದ್ದನ್ನು ತಿದ್ದಲಾರದ ಇಂಥವರೆಲ್ಲ ಈಗ ಬರಹಗಾರರು. ಅರ್ಜಿ ಹೋಯಿತು.

ಹೋದ ಸೋಮವಾರ ಟ್ರಸ್ಟಿನಿಂದ ಫೋನು ಬಂತು, ಬುಧವಾರ ಬಂದು ನೋಡುತ್ತೇವೆ ಎಂದು. ಅಲ್ಲಿಗೆ ಹೇಮಂತನ ಬಣ್ಣ ಇಳಿಯಿತು. ನಲವತ್ತೇಳು ತೋರಿಸಬೇಕಲ್ಲ. ಪ್ಲಾಸ್ಟಿಕ್ ಡಬ್ಬಿಗಳು ಬಂದವು, ಬನ್ನೂರಿನ ಮಿಲ್ಲಿನಿಂದ ಒಂದಷ್ಟು ಭತ್ತ ಬಂತು, ಇರುವ ತಳಿಗಳನ್ನೇ ಎರಡೆರಡು ಡಬ್ಬಿಗೆ ಹಂಚಿದ್ದಾಯಿತು. ಹೆಸರುಗಳನ್ನೂ ಯಂತ್ರವೇ ಹೆತ್ತಿತ್ತು. ಕಪಿಲಾ ಮುತ್ತು, ತಲಕಾಡು ಮರಳುಮಲ್ಲಿಗೆ, ಗಂಗರ ಕೇಸರಿ. ಸೋಪಿಗೆ ಇಡುವ ಹೆಸರುಗಳು. ಎಲ್ಲ ಹೇಮಂತನದೇ ಕಾರುಬಾರು, ನಿನ್ನ ತಮ್ಮನಿಗೆ ಹೇಳು ಮಗನನ್ನು ಎಷ್ಟು ಚೆನ್ನಾಗಿ ಬೆಳೆಸಿದ್ದಾನೆ ಎಂದು.

ನೀನು ಹೇಗೆ ಅಂತ ನನಗೆ ಗೊತ್ತು. ಒಂದು ದಿನಕ್ಕೆ ಒಂದೇ ಮಡಕೆ. ಒಂದರ ಬಾಯಿ ಬಿಚ್ಚಿದ ದಿನ ಇನ್ನೊಂದರ ಸಗಣಿ ಮುದ್ರೆ ಮುಟ್ಟುವವಳಲ್ಲ ನೀನು. ಮೊರ ತೊಳೆದು ಒಣಗಿಸಿ, ಸೆರಗು ಕೊಡವಿ, ಆಮೇಲೆ ಮುಂದಿನದು, ಅದೂ ಮಾರನೇ ದಿನ. ಚೀಟಿ ಅಂಟಿಸು ಎಂದು ನಾನು ಎಷ್ಟು ಸಲ ಹೇಳಿದ್ದೇನೆ, ನೀನು ನಂಗೆ ಗೊತ್ತದೆ ಬುಡಿ ಅನ್ನುತ್ತಿದ್ದೆ. ಬೆರಕೆ ಬೀಜ ಬಿತ್ತಿದವರ ಗದ್ದೆಯಲ್ಲಿ ಅರ್ಧ ಪಾಲು ಬಲಿತು ಉದುರುವಾಗ ಇನ್ನರ್ಧ ಹಾಲುಗಾಳಾಗಿರುತ್ತದೆ, ಎರಡೂ ಕೈಗೆ ಬರುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಜನ ನಿನ್ನ ಹತ್ತಿರ ಬೀಜ ಒಯ್ದು, ಸುಗ್ಗಿಯಲ್ಲಿ ಸೇರಿಗೆ ಸೇರೂಕಾಲು ತಂದು ಸುರಿಯುತ್ತಿದ್ದಾರೆ. ಒಬ್ಬರಾದರೂ ಬೆರಕೆ ಎಂದು ದೂರಿಲ್ಲ. ಇದನ್ನು ಆ ಯಂತ್ರ ಒಂದು ಸಾಲು ಬರೆದಿರಲಿಲ್ಲ. ಯಾರೂ ಅದಕ್ಕೆ ಹೇಳಿರಲಿಲ್ಲ.

ಬುಧವಾರ ಟ್ರಸ್ಟಿನಿಂದ ಬಂದವಳು ಇಪ್ಪತ್ತೈದರ ಹುಡುಗಿ. ಡಬ್ಬಿಗಳ ಫೋಟೊ ತೆಗೆದಳು. ಒಂದು ಕಾಳನ್ನೂ ಅಂಗೈಗೆ ಹಾಕಿಕೊಂಡು ನೋಡಲಿಲ್ಲ. ವಂಡರ್‌ಫುಲ್ ಎಂದು ಆರು ಸಲ ಅಂದಳು, ನಾನು ಎಣಿಸಿದೆ. ಆಮೇಲೆ ಜಗಲಿಯಲ್ಲಿ ಕೂತು ಅವಳೂ ತನ್ನ ಫೋನಿಗೆ ನಾಲ್ಕು ಮಾತು ಹೇಳಿದಳು, ಅದು ಅವಳ ವರದಿ ಬರೆದುಕೊಟ್ಟಿತು. ಬರೆದದ್ದೂ ಯಂತ್ರ, ಮೆಚ್ಚಿಕೊಂಡದ್ದೂ ಯಂತ್ರ. ನಡುವೆ ಮೂರು ಜನ ಮನುಷ್ಯರು ಕಾಫಿ ಕುಡಿದೆವು. ಅನುದಾನ ಬಹುತೇಕ ಮಂಜೂರಾದ ಹಾಗೆ ಎಂದು ಹೇಳಿ ಹೋದಳು. ಹೇಮಂತ್ ನನ್ನ ಕಾಲಿಗೆ ಬಿದ್ದ. ಅವನ ಬೆನ್ನಿಗೆ ಒಂದು ಬಿಡಬೇಕೆನಿಸಿತು, ಆಶೀರ್ವಾದ ಮಾಡಿ ಕಳಿಸಿದೆ.

ಈಗ ಡಬ್ಬಿಗಳೆಲ್ಲ ಖಾಲಿ. ಮಡಕೆಗಳು ಅವುಗಳ ಜಾಗದಲ್ಲೇ ಇವೆ, ಹೊಸ ಸಗಣಿ ಹಾಕಿ ಬಾಯಿ ಮುಚ್ಚಿದೆ. ನೀನು ಅವಸರ ಮಾಡಿ ಬರಬೇಕಾಗಿಲ್ಲ, ಮಗುವಿಗೆ ಮೂರು ತಿಂಗಳು ತುಂಬಲಿ. ಸುನೀತಾಳಿಗೆ ಬೆಳ್ಳುಳ್ಳಿ ಅನ್ನ ತಪ್ಪಿಸಬೇಡ. ಅಳಿಯಂದಿರಿಗೂ ಬೀಗಿತ್ತಿಗೂ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳ ನೆತ್ತಿಯ ಮೇಲೆ ಅಜ್ಜನ ಕೈ ಸದಾ ಇದೆ ಎಂದು ಅವಳ ಕಿವಿಯಲ್ಲಿ ಹೇಳು.

ಇತಿ ನಿನ್ನ,
ಮಹಾದೇವಸ್ವಾಮಿ

ಮರೆತದ್ದು: ಬೀಗರು ಚಪ್ಪಲಿ ಮೆಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮರೆತದ್ದು ಅಂದೆನಲ್ಲ, ಅದೂ ಸುಳ್ಳು. ಮಡಕೆಗಳನ್ನು ತೆರೆದವನು ನಾನು. ಹತ್ತೊಂಬತ್ತನ್ನೂ ಒಂದೇ ಮಧ್ಯಾಹ್ನ, ಒಂದೇ ಮೊರದಲ್ಲಿ. "ಅತ್ತೇನ ಒಂದ್ಮಾತು ಕೇಳಿ ಮಾವ" ಎಂದು ಹೇಮಂತ್ ಎರಡು ಸಲ ಹೇಳಿದ, ನನಗೆ ಗೊತ್ತಿಲ್ಲವೇನೋ ಎಂದು ಗದರಿದೆ. ಟ್ರಸ್ಟಿನ ಹುಡುಗಿ ಹೋದ ಮೇಲೆ ವಾಪಸು ಸುರಿದವನೂ ನಾನೇ. ಡಬ್ಬಿಯ ಮೇಲಿದ್ದವು ಯಂತ್ರದ ಹೆಸರುಗಳು, ಅದರಿಂದ ಯಾವುದು ಯಾವುದೆಂದು ತಿಳಿಯಲಿಲ್ಲ, ಅಂದಾಜಿನಲ್ಲಿ ಸುರಿದೆ. ಮಿಲ್ಲಿನ ಭತ್ತ ನಿನ್ನ ರತ್ನಚೂಡಿ ತಳಿಯ ಮಡಕೆಗೆ ಬಿದ್ದಿದೆ, ಮಿಕ್ಕವು ಏನಾಗಿವೆಯೋ ನನಗೆ ಗೊತ್ತಿಲ್ಲ. ನಿನ್ನೆ ಮೇಲಿನ ಬೀದಿಯ ಜವರಮ್ಮ ಬಂದು ಅರ್ಧ ಎಕರೆಗೆಂದು ಅದೇ ರತ್ನಚೂಡಿಯನ್ನು ಹದಿನೈದು ಸೇರು ಒಯ್ದಳು. ಒಂದು ಸಲ ನೋಡಿಕೋ ಎಂದೆ. "ಗುರುಬಸಮ್ನೋರ ಮಡಕೆ, ಅದ್ರಲ್ಲಿ ನಾನೇನ್ ನೋಡಾದು ಮೇಷ್ಟ್ರೇ" ಅಂದಳು. ನಾಳೆ ಸಂಜೆ ನೆನೆಹಾಕುತ್ತಾಳೆ. ಬೆಳಗ್ಗೆಯಿಂದ ಎರಡು ಸಲ ಅವಳ ಬಾಗಿಲಿಗೆ ಹೋದೆ, ಹಾಲು ಬೇಕೇ ಎಂದು ಕೇಳಿ ಬಂದೆ. ನನಗೆ ಬಾಯಿ ಬರುತ್ತಿಲ್ಲ ಗುರುಬಸೂ. ಇದನ್ನು ಓದಿದ ಕೂಡಲೆ ನೀನೇ ಅವಳಿಗೆ ಫೋನು ಮಾಡು, ಬಿತ್ತಬೇಡ ಎನ್ನು. ಯಾರು ಮಾಡಿದ್ದು ಎಂದು ಕೇಳುತ್ತಾಳೆ. ಹೇಮಂತನ ಹೆಸರು ಹೇಳಬೇಡ.