ಕ್ರೇಗ್ ಬೆಲ್ಶಾ ಕೇಳಿದ್ದು

ಮೇ 12, 2025, ಸೋಮವಾರ. ಬೆಳಿಗ್ಗೆ 7:40

ಮೊಂಬಾಸಾ ರೋಡ್ ಜಾಮ್. ಇಪ್ಪತ್ತು ನಿಮಿಷದಿಂದ ಕಾರು ಅಲುಗಿಲ್ಲ. ಸುಮ್ಮನೆ ಕೂರುವ ಬದಲು ಬರೆಯುತ್ತಿದ್ದೇನೆ.

ನಿನ್ನೆ 2-1. ಎರಡೂ ಗೋಲು ನಮ್ಮ ಸ್ಟ್ರೈಕರ್ ಬರಾಸಾನದ್ದು. ಅವನ ಎಡಗಾಲಿನ ಹೊಡೆತದಲ್ಲಿ ಇನ್ನೂ ಏನೂ ಇಲ್ಲ. ಗುರುವಾರ ಅದನ್ನೇ ಮಾಡಿಸಬೇಕು. ಇನ್ನು ನಾಲ್ಕು ಪಂದ್ಯ. ಗೆದ್ದರೆ ನಮ್ಮ ಕ್ಲಬ್ಬು ಲುಂಗಾ ಲುಂಗಾ ಯುನೈಟೆಡ್ ಮೇಲಿನ ಡಿವಿಷನ್‌ಗೆ. ಗೋಡೌನಿನಲ್ಲಿ ಮೂಟೆ ಹೊರುವವರು, ಫೋರ್ಕ್‌ಲಿಫ್ಟ್ ಓಡಿಸುವವರು... ಭಾನುವಾರ ಬಂದರೆ ಕುದುರೆಗಳ ಹಾಗೆ ಓಡುತ್ತಾರೆ. ನಾನೋ ವಾರವಿಡೀ ಟೆಲಿಕಾಂ ಆಫೀಸು, ಭಾನುವಾರ ಮ್ಯಾನೇಜರ್.

ಕ್ಲಬ್ಬಿನ ಪೋಸ್ಟರ್‌ನಲ್ಲಿ ನನ್ನ ಫೋಟೊ: 'ಇಂಗ್ಲೆಂಡ್ ಸ್ಟ್ರೈಕರ್ ಪ್ರಶಾಂತ್'. ಇಂಗ್ಲೆಂಡಿನಲ್ಲಿ ಆಡಿದವನು ಅಂತ ತಿದ್ದಿ ಎಂದೆ. "ಎರಡೂ ಒಂದೇ ಅಲ್ವಾ ಕೋಚ್?" ಎಂದ ಸೆಕ್ರೆಟರಿ. ಏಳನೇ ದರ್ಜೆಯ ಲೀಗು. ಹನ್ನೊಂದು ವರ್ಷ, ಎಪ್ಪತ್ತೊಂದು ಗೋಲು. ನೋಡಲು ಇನ್ನೂರು ಜನ, ಮಳೆಯಾದರೆ ಅರವತ್ತು.

ಮೇ 15, ಗುರುವಾರ

ಯಾರೋ ಆ ವಿಡಿಯೊ ಹುಡುಕಿದ್ದಾರೆ.

ಪ್ರಾಕ್ಟೀಸಿಗೆ ಹೋದಾಗ ಎಲ್ಲರೂ ಬರಾಸಾನ ಫೋನಿನ ಸುತ್ತ. ನಲವತ್ತಮೂರು ಸೆಕೆಂಡು. ನವೆಂಬರ್ 2008. ಮೈದಾನದ ನಡುಗೆರೆಯ ಹತ್ತಿರದಿಂದ ನಾನು ಹೊಡೆದ ಗೋಲು. ಚೆಂಡು ಬರುತ್ತಿದೆ, ಕೀಪರ್ ಕಾರ್ನರ್ ಬಾವುಟದ ಕಡೆ ನೋಡುತ್ತ ನಿಂತಿದ್ದಾನೆ. ಪಕ್ಕದಲ್ಲೇ ಪುಟಿದು ಒಳಗೆ ಹೋಯಿತು. ತಿರುಗಲೂ ಇಲ್ಲ.

"ಕೋಚ್, ಈ ಕೀಪರ್ ನಿಂತಲ್ಲೇ ನಿದ್ದೆ ಹೊಡೀತಿದ್ನಾ?" ಎಂದ ಬರಾಸಾ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎರಡು ಸುತ್ತು ಓಡಿ ಬನ್ನಿ ಎಂದೆ.

ಮನೆಯಲ್ಲೂ ಅದೇ. ಪ್ರಣತಿಗೆ ಕ್ಲಾಸಿನವರು ಯಾರೋ ಕಳಿಸಿದ್ದಾರೆ. "ಅಪ್ಪಾ, ಯು ಆರ್ ಲಿಟರಲಿ ಫೇಮಸ್!" ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ನನ್ನ ಕನ್ನಡ ಐದನೇ ಕ್ಲಾಸಿಗೆ ನಿಂತದ್ದು. ಆಮೇಲೆ ಅಮ್ಮನಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್ ಕೆಲಸ ಸಿಕ್ಕಿ ಬೆಂಗಳೂರು ಬಿಟ್ಟೆವು. ಆದರೂ ಇದನ್ನು ಕನ್ನಡದಲ್ಲೇ ಬರೆಯಬೇಕು.

ಮೇ 16, ಶುಕ್ರವಾರ. ಆಫೀಸ್, ಊಟದ ಹೊತ್ತು

ಬರೆದುಬಿಡುತ್ತೇನೆ.

ಆ ಕೀಪರ್ ಕ್ರೇಗ್ ಬೆಲ್ಶಾ. ಇಪ್ಪತ್ತಾರು ವರ್ಷ. ಪ್ಲಂಬರ್. ಆ ಗೋಲಿಗೆ ಹತ್ತು ನಿಮಿಷ ಮೊದಲು ಒಂದು ಕಾರ್ನರ್. ಇಬ್ಬರೂ ಒಂದೇ ಚೆಂಡಿಗೆ ಹಾರಿದೆವು. ನನ್ನ ಮೊಣಕಾಲು ಅವನ ಕಿವಿಯ ಮೇಲ್ಗಡೆ ಬಡಿಯಿತು. ಬೇಕೆಂದು ಮಾಡಿದ್ದಲ್ಲ. ಎದ್ದ. ಮುಖಕ್ಕೆ ನೀರು ಹಾಕಿದರು. ಆಟ ಮುಂದುವರಿಯಿತು.

ಸ್ವಲ್ಪ ಹೊತ್ತಾದ ಮೇಲೆ ಅವನ ಪಕ್ಕ ನಿಂತಿದ್ದೆ. ತಗ್ಗಿದ ದನಿಯಲ್ಲಿ ಕೇಳಿದ: "ಇವತ್ತು ನಾವು ಯಾರ ಮೇಲೆ ಆಡ್ತಿದೀವಿ?"

ಬೇರೆ ಯಾರಿಗೂ ಕೇಳಿಸಲಿಲ್ಲ. ರೆಫರಿ ಹದಿನೈದು ಹೆಜ್ಜೆ ದೂರ. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಹೇಳದೆ ಬಿಟ್ಟಿದ್ದಷ್ಟೇ ಅಲ್ಲ — ಇವನಿಗೀಗ ದೂರದಿಂದ ಹೊಡೆದರೆ ಆಗುತ್ತದೆ ಎಂದುಕೊಂಡೆ. ಹೊಡೆದೆ.

ಮರುದಿನ ಬೆಳಿಗ್ಗೆ ಅವನು ಏಳಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ.

ಸಾವಿನ ಬಗ್ಗೆ ಕೋರ್ಟಿನಲ್ಲಿ ನಡೆದ ವಿಚಾರಣೆಯಲ್ಲಿ ಕೇಳಿದರು: ಪೆಟ್ಟಾದ ಮೇಲೆ ಅವನು ನಿಮ್ಮ ಹತ್ತಿರ ಏನಾದರೂ ಮಾತಾಡಿದನೇ? ಇಲ್ಲ ಎಂದೆ. ಮೂರನೇ ಸಾಲಿನಲ್ಲಿ ಅವನ ತಾಯಿ ಕೂತಿದ್ದರು.

ಮೇ 21, ಬುಧವಾರ

ಕ್ರೇಗ್ ಮತ್ತೆ ಕಾಣತೊಡಗಿದ್ದಾನೆ. ಹಗಲು ಹೊತ್ತಿನಲ್ಲೇ. ನಿನ್ನೆ ಸಿಗ್ನಲ್‌ನಲ್ಲಿ ಪಕ್ಕದ ಮಟಾಟು ವ್ಯಾನಿನ ಕಿಟಕಿ — ಎಲ್ಲರೂ ಫೋನ್ ನೋಡುತ್ತಿದ್ದರೆ ಒಬ್ಬ ಮಾತ್ರ ಏನನ್ನೂ ನೋಡದೆ ನೋಡುತ್ತಿದ್ದ. ಮುಖ ಬೇರೆ. ನೋಟ ಅದೇ.

ಶೈಲಜಾ ಕೇಳಿದಳು: "ಏನ್ರೀ, ಯಾಕೆ ಹೀಗಿದೀರಾ? ಪಂದ್ಯದ ಟೆನ್ಷನ್ನಾ?" ಹೂಂ ಎಂದೆ.

ಜೂನ್ 8, ಭಾನುವಾರ. ಸಂಜೆ 6

ಕೊನೆಯ ಪಂದ್ಯ. ಲಂಗಾಟಾದ ತಂಡದ ಮೇಲೆ. ಡ್ರಾ ಆದರೆ ಸಾಲದು, ಗೆಲ್ಲಲೇಬೇಕು. 0-0.

ಅರವತ್ತೆಂಟನೇ ನಿಮಿಷ. ಬರಾಸಾ ಚೆಂಡಿನ ಹಿಂದೆ ನುಗ್ಗಿದ, ಅವರ ಕೀಪರ್ ವಾಫುಲಾ ಚೆಂಡು ಹಿಡಿಯಲು ಅವನ ಕಾಲಿನ ಬಳಿ ಹಾರಿಬಿದ್ದ. ಮೊಣಕಾಲು, ತಲೆ. ಆ ಸದ್ದು ಗೆರೆಯ ಆಚೆ ನಿಂತ ನನಗೂ ಕೇಳಿಸಿತು. ಎದ್ದ. ಕೈ ಎತ್ತಿ ಸರಿ ಇದ್ದೇನೆ ಎಂದ.

ಎಪ್ಪತ್ತೊಂದನೇ ನಿಮಿಷ. ಬರಾಸಾ ಓಡಿಬಂದ, ಕಣ್ಣು ಹೊಳೆಯುತ್ತಿತ್ತು. "ಕೋಚ್! ಅವನಿಗೆ ತಲೆ ನಿಂತಿಲ್ಲ. ನೀನು ಯಾವ ತಂಡ ಅಂತ ನನ್ನನ್ನೇ ಕೇಳ್ದ. ದೂರದಿಂದ ಹೊಡೀಲಾ?"

ವಾಚು ನೋಡಿದೆ. ಯಾಕೆ ನೋಡಿದೆನೋ. "ಆಡು" ಎಂದೆ. ಆಡು ಎಂದರೆ ಏನು? ಅವನಿಗೆ ಅರ್ಥವಾಯಿತು. ಎಪ್ಪತ್ತೈದರಲ್ಲಿ ಹೊಡೆದ. ಮೇಲಿನ ಕಂಬಿಗೆ ಬಡಿದು ಆಚೆ ಹೋಯಿತು. ವಾಫುಲಾ ಚೆಂಡನ್ನು ನೋಡಲೇ ಇಲ್ಲ. ಬಾವುಟದ ಕಡೆ ನೋಡುತ್ತ ನಿಂತಿದ್ದ.

ಮೈದಾನದೊಳಗೆ ಓಡಿದೆ. "ಇವನನ್ನ ಆಚೆ ಕರ್ಕೊಂಡ್ಹೋಗಿ!" ರೆಫರಿ ಕೆಂಪು ಕಾರ್ಡ್ ತೋರಿಸಿದ. ಅವರ ಕೋಚ್ ನನ್ನ ಎದೆಗೆ ಕೈಹಾಕಿ ತಳ್ಳಿದ: "ನಮ್ಮ ಕೀಪರನ್ನ ಕಳಿಸಿ ಗೆಲ್ಲೋ ಪ್ಲಾನಾ?" ಗೋಲು ಗೆರೆಯ ಮೇಲೆ ಕೂತುಬಿಟ್ಟೆ. ಅವನನ್ನು ಕರೆದೊಯ್ಯುವವರೆಗೆ ಏಳುವುದಿಲ್ಲ ಎಂದೆ. ನಮ್ಮವರೇ ಬೈದರು. ಕೊನೆಗೆ ರೆಫರಿ ವಾಫುಲಾನ ಮುಂದೆ ನಿಂತು ಹೆಸರು ಕೇಳಿದ. ಹೇಳಲು ಆಗಲಿಲ್ಲ ಅವನಿಗೆ.

ಬದಲಿ ಕೀಪರ್ ಬಂದ. ಬಂದದ್ದನ್ನೆಲ್ಲ ಹಿಡಿದ. 0-0.

ಜೂನ್ 9, ಸೋಮವಾರ

ಆಸ್ಪತ್ರೆಯಿಂದ ಈಗ ಬಂದೆ. ಆಪರೇಷನ್ ಆಗಿದೆ. ಬದುಕುತ್ತಾನೆ. "ಸರಿಯಾದ ಹೊತ್ತಿಗೆ ತಂದಿರಿ" ಎಂದರು ಡಾಕ್ಟರ್. ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದು "ಅಸಾಂಟೆ, ಅಸಾಂಟೆ ಸಾನಾ" ಎಂದು ಧನ್ಯವಾದ ಹೇಳುತ್ತ ಅತ್ತಳು. ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ನಾಲ್ಕು ನಿಮಿಷ ತಡಮಾಡಿದೆ ಎನ್ನಲೂ ಆಗಲಿಲ್ಲ.

ಹೊರಗೆ ಬರಾಸಾ. ಗೋಡೆಗೆ ಒರಗಿ ನಿಂತಿದ್ದ. "ನಾನು ನಗ್ತಾ ಬಂದು ಹೇಳಿದೆ ಕೋಚ್," ಎಂದ. "ಹೇಳಿದೆಯಲ್ಲ" ಎಂದೆ. "ನಾನು ಅದನ್ನೂ ಮಾಡಲಿಲ್ಲ."

ಅವನಿಗೆ ಎಲ್ಲ ಹೇಳಿದೆ. ಮನೆಗೆ ಬಂದು ಶೈಲಜಾಗೂ. ಪೂರ್ತಿ ಕೇಳಿದಳು. ಆಮೇಲೆ, "ನನಗೆ ಹೇಳಿದ್ರಿ, ಸರಿ. ಕೇಳಬೇಕಾದವರು ನಾನಲ್ಲ ಅಲ್ವಾ?"

ಜೂನ್ 17, ಮಂಗಳವಾರ

ಹಳೆಯ ಕ್ಲಬ್ಬಿನ ಮೂಲಕ ಕ್ರೇಗ್‌ನ ತಾಯಿಯ ಇಮೇಲ್ ವಿಳಾಸ ಸಿಕ್ಕಿತು. ಬರೆದೆ. ಉತ್ತರ ಎರಡೇ ಸಾಲು. ಫೋನ್ ನಂಬರು. 'ಶನಿವಾರ ಎರಡು ಗಂಟೆಗೆ ಮಾಡು. ಮೋರೀನ್ ಬೆಲ್ಶಾ.'

ಜೂನ್ 21, ಶನಿವಾರ. ಸಂಜೆ 5

ಅಲ್ಲಿ ಎರಡು, ಇಲ್ಲಿ ನಾಲ್ಕು. ಒಂದೇ ರಿಂಗಿಗೆ ಎತ್ತಿಕೊಂಡರು. ವಯಸ್ಸಾದ ದನಿ, ಗಟ್ಟಿಯಾಗಿತ್ತು.

"ಅವನು ಏನು ಕೇಳಿದ? ಅವನ ಮಾತಲ್ಲೇ ಹೇಳು." ಹೇಳಿದೆ.

"ಅಂದ್ರೆ ಮನೆಗೆ ಬರೋ ಮೊದಲೇ..." ಎಂದರು. "ತಲೆನೋವು ಅಮ್ಮಾ ಅಂತ ಮಲಗಿದ. ಮಲಗಲಿ ಅಂತ ಬಿಟ್ಟೆ. ಎಬ್ಬಿಸಿದ್ರೆ ಉಳೀತಿದ್ದ ಅಂತ, ಹದಿನೇಳು ವರ್ಷದಿಂದ ನನ್ನನ್ನೇ ಬೈಕೊಂಡಿದೀನಿ. ನೀನು ಅವತ್ತು ಕೋರ್ಟಲ್ಲಿ ಒಂದು ಮಾತು ಹೇಳಿದ್ದಿದ್ರೆ..."

ಇದು ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳು ಯಾರ ಮೇಲೆ ಕೂತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಕ್ಷಮೆ ಕೇಳಲು ಬಾಯಿ ತೆರೆದೆ. ತಡೆದರು. "ಅದು ಆಮೇಲೆ. ಅವನು ಕೇಳ್ದಾಗ ನೀನು ಏನಂದೆ?"

ಪತ್ರದಲ್ಲಿ ಅದನ್ನು ಬರೆದಿರಲಿಲ್ಲ. ಇಲ್ಲೂ ಬರೆದಿಲ್ಲ.

"ನಕ್ಕೆ" ಎಂದೆ. "ನಿಮ್ಮ ಮಗ ಕೇಳಿದಾಗ ನಾನು ನಕ್ಕೆ."

ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡೆ. ಇಡಲಿಲ್ಲ. ಉಸಿರು ಕೇಳಿಸುತ್ತಿತ್ತು. ನಾನೂ ಇಡಲಿಲ್ಲ. ಆಮೇಲೆ ಮೆಲ್ಲಗೆ, "ಸರಿ, ಮೊದಲಿಂದ ಹೇಳು. ಅವತ್ತು ಅವನು ಮೈದಾನಕ್ಕೆ ಬಂದಲ್ಲಿಂದ. ಏನನ್ನೂ ಬಿಡಬೇಡ" ಎಂದರು.

ಶುರು ಮಾಡಿದೆ. ಚಳಿ ಇತ್ತು, ಹಸಿರು ಜರ್ಸಿ ಹಾಕಿದ್ದ, ನನ್ನ ಕೈ ಕುಲುಕಿದ...