ಗಾಲಿಮನೆ ಎಳೆಯಲೊಂದು ಟ್ರಕ್ಕು

ಮಾರ್ಚ್ 4, ಬೆಳಗ್ಗೆ

ಗಂಡ ಅಲ್ಸೀಡನ ಮೆಷಿನ್ ಬಿಚ್ಚಿ, ಅವನ ಹೊಟ್ಟೆಯ ನಳಿಗೆಗೆ ಮುಚ್ಚಳ ಹಾಕಿ, ಖಾಲಿ ಚೀಲಗಳನ್ನು ಕಸಕ್ಕೆ ಸಾಗಿಸಿ, ಈಗ ಕಾಫಿಗೆ ಕೂತೆ. ರಾತ್ರಿಯಿಡೀ ಅವನ ಹೊಟ್ಟೆಯೊಳಗೆ ದ್ರಾವಣ ಬಿಡುವುದು, ತೆಗೆಯುವುದು — ಕಿಡ್ನಿ ಮಾಡಬೇಕಾದ ಕೆಲಸವನ್ನು ಹಾಸಿಗೆ ಪಕ್ಕದ ಪೆಟ್ಟಿಗೆ ಮಾಡುತ್ತದೆ. ಅವನಿಗಿಂತ ಆ ಪೆಟ್ಟಿಗೆಯೇ ವಾಸಿ, ಹೇಳಿದ ಮಾತು ಕೇಳುತ್ತದೆ.

ಕಿಟಕಿಯಿಂದ ಗಾಲಿಮನೆ ಕಾಣುತ್ತಿದೆ. ಫಿಫ್ತ್ ವೀಲ್ ಎನ್ನುತ್ತಾರೆ. ಟ್ರಕ್ಕಿನ ಹಿಂಬದಿಯ ತೊಟ್ಟಿಯೊಳಗೆ ಕುತ್ತಿಗೆ ಚಾಚಿ ಕೂರುವಂಥದ್ದು. ಮಂಚ, ಒಲೆ, ಬಚ್ಚಲು ಎಲ್ಲ ಇದೆ. ಎಳೆಯಲು ಟ್ರಕ್ ಮಾತ್ರ ಇಲ್ಲ. ಚಪ್ಪರ ಹಾಕಿ ಆಯಿತು, ಗಂಡು ಸಿಕ್ಕಿಲ್ಲ. ಮೈದುನ ನೋಲನ್ ಯಾರದೋ ಟ್ರಕ್ ಕೇಳಿ ತಂದು ನಿಲ್ಲಿಸಿ ಹೋಗಿದ್ದು. ಅವನದು ಸಮುದ್ರದೊಳಗಿನ ಎಣ್ಣೆ ಬಾವಿಯ ಕೆಲಸ. ಎರಡು ವಾರ ಅಲ್ಲಿ, ಎರಡು ವಾರ ಮನೆ. ಚಂಡಮಾರುತ ಅವನ ರಜೆ ನೋಡಿಕೊಂಡು ಬರುವುದಿಲ್ಲ.

ಜೂನ್ ಬಂದರೆ ಅದರ ಕಾಲ ಶುರು. ಅಷ್ಟರೊಳಗೆ ಟ್ರಕ್ ಬೇಕು. ಕಳೆದ ಸಲ ಊರು ಬಿಟ್ಟು ಕಾರಿನಲ್ಲಿ ಓಡಿದೆವು. ದ್ರಾವಣದ ಚೀಲಗಳಿರುವ ಡಬ್ಬಗಳು ಕಲ್ಲಿನಂತೆ ಭಾರ, ಕಾರಿಗೆ ಹಿಡಿದದ್ದು ಎರಡೇ ದಿನಕ್ಕೆ. ಆಮೇಲೆ ಎಲ್ಲಿಂದಲೋ ತರಿಸಿ, ಶಾಲೆಯ ಹಾಲ್‌ನಲ್ಲಿ, ನೂರಾರು ಜನರ ನಡುವೆ, ಬೆಡ್‌ಶೀಟ್ ಮರೆಮಾಡಿ ಕೈಯಿಂದಲೇ ಚೀಲ ಬದಲಿಸಿದೆ. ಸೋಂಕು ತಗುಲಿತು. ಹೊಟ್ಟೆಯಿಂದ ಬಂದ ನೀರು ಗಂಜಿಯಂತಿತ್ತು. ಶ್ರೀವ್‌ಪೋರ್ಟ್ ಆಸ್ಪತ್ರೆಯಲ್ಲಿ ಪಾದ್ರಿಯನ್ನು ಕರೆಸಬೇಕೇ ಎಂದು ಕೇಳಿದರು. ಇನ್ನೊಮ್ಮೆ ಹಾಗಾದರೆ ಉಳಿಯುವುದು ಕಷ್ಟ ಎಂದು ನರ್ಸ್ ರೊಶೆಲ್ ನೇರವಾಗಿ ಹೇಳಿದ್ದಾಳೆ. ಅದಕ್ಕೇ ಈ ಗಾಲಿಮನೆ. ನಮ್ಮದೇ ಹಾಸಿಗೆ, ನಮ್ಮದೇ ಬಾಗಿಲು, ಒಂದು ತಿಂಗಳ ಡಬ್ಬ ಜೊತೆಗೆ.

ಮಾರ್ಚ್ 16

ಲೇಕ್ ಚಾರ್ಲ್ಸ್‌ಗೆ ಹೋಗಿ ಟ್ರಕ್ ನೋಡಿ ಬಂದೆವು. ಅಲ್ಸೀಡನ ಮನೆಯವರಿಗೆ ಟ್ರಕ್ ಕಂಪನಿ ಅಂದರೆ ಒಂದೇ. ಕುಲದೇವರಿದ್ದ ಹಾಗೆ. ಅವನ ಅಪ್ಪ ಬೇರೆ ಕಂಪನಿಯ ಟ್ರಕ್ಕಿನಲ್ಲಿ ಬಂದ ಅಳಿಯನನ್ನು ಒಂದು ವರ್ಷ ಮಾತಾಡಿಸಿರಲಿಲ್ಲ.

ಮುತ್ತಿನ ಬಣ್ಣದ್ದೊಂದು. ತಲೆಯ ಮೇಲೆ ಗಾಜಿನ ಚಾವಣಿ. ಚರ್ಮದ ಸೀಟು, ಅದು ಕೆಳಗಿನಿಂದ ತಣ್ಣಗೆ ಗಾಳಿ ಬೇರೆ ಬಿಡುತ್ತದೆ.

"ನನ್ನ ಕುಂಡಿಗೆ ಇಷ್ಟು ಮರ್ಯಾದೆ ಈ ಜನ್ಮದಲ್ಲಿ ಯಾರೂ ಕೊಟ್ಟಿರ್ಲಿಲ್ಲ ಕಣೇ" ಎಂದ ಅಲ್ಸೀಡ್.

"ಎಷ್ಟು ಎಳಿಯುತ್ತೆ?" ಎಂದು ಕೇಳಿದೆ.

"ನಿಮ್ಮ ಟ್ರೇಲರ್ ಎಳೆದು, ಮೇಲೆ ನಿಮ್ಮ ಪಕ್ಕದ ಮನೆಯೋರದ್ದೂ ಎಳಿಯುತ್ತೆ ಮೇಡಂ" ಎಂದ ಸೇಲ್ಸ್‌ನವನು. ಹಲ್ಲು ಬಹಳ ಬಿಳಿ.

ನಾನೂ ಕರಗಿದೆ, ಸುಳ್ಳೇಕೆ. ಬರುವಾಗ ಕಾರಿನಲ್ಲಿ ಇಬ್ಬರೂ ಹಾಡು ಹೇಳಿಕೊಂಡು ಬಂದೆವು. ಮುಂದಿನ ವಾರ ಸಹಿ ಹಾಕುವುದೆಂದು ಮಾತು.

ಮಾರ್ಚ್ 21

ನೋಲನ್ ರಜೆಗೆ ಬಂದ. ಊಟಕ್ಕೆ ಕರೆದಿದ್ದೆ. ಎರಡನೇ ಸಲ ಗಂಬೋ ಸಾರು ಬಡಿಸಿಕೊಳ್ಳುತ್ತ ಟ್ರಕ್ಕಿನ ವಿಷಯ ಕೇಳಿದ. ಅಲ್ಸೀಡ್ ಫೋನಿನಲ್ಲಿ ಫೋಟೋ ತೋರಿಸಿದ, ಮೊಮ್ಮಗು ಹುಟ್ಟಿದವನಂತೆ.

"ಎಳಿಯೋದಿರ್ಲಿ. ಹೊರೋದೆಷ್ಟು?" ಎಂದ ನೋಲನ್.

"ಎರಡೂ ಒಂದೇ ಅಲ್ವೇನೋ."

"ಎಳಿಯೋದು ಬೇರೆ, ಹೊರೋದು ಬೇರೆ ಅಣ್ಣ. ಕುದುರೆ ಗಾಡಿ ಎಳಿಯುತ್ತೆ ಸರಿ. ಆ ಗಾಡಿ ಮೂತೀನ ಅದರ ಬೆನ್ನ ಮೇಲೇ ಇಟ್ರೆ? ನಿಮ್ಮದು ಬೆನ್ನ ಮೇಲೆ ಕೂರೋ ಜಾತಿ. ಅತ್ತಿಗೆ, ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೊಂದು ಹಳದಿ ಚೀಟಿ ಅಂಟಿಸಿರ್ತಾರೆ. ಓದಿದ್ರಾ?"

ಓದಿಲ್ಲ. ಗಾಜಿನ ಚಾವಣಿ ನೋಡುತ್ತಿದ್ದೆವಲ್ಲ.

ಮಾರ್ಚ್ 23

ಓದಿದೆವು. ಮನುಷ್ಯರು, ಸಾಮಾನು, ಬೆನ್ನ ಮೇಲಿನ ಭಾರ, ಎಲ್ಲ ಸೇರಿ ಇಷ್ಟೇ ಎಂದು ಬರೆದಿದೆ. ನಾನಂದುಕೊಂಡದ್ದರ ಅರ್ಧ. ಗಾಜು, ಚರ್ಮ, ಗಾಳಿ ಬಿಡುವ ಯಂತ್ರ ಎಲ್ಲದರ ತೂಕವನ್ನೂ ಅದೇ ಟ್ರಕ್ ಮೊದಲು ಹೊರಬೇಕಂತೆ. ಚೆಂದ ಹೆಚ್ಚಿದಷ್ಟೂ ಹೊರುವುದು ಕಡಿಮೆ. ನಮ್ಮ ಕಡೆಯ ಕೆಲವು ಗಂಡಸರ ನೆನಪಾಯಿತು.

ಅಲ್ಸೀಡ್ ಒಪ್ಪುತ್ತಿಲ್ಲ. "ಗಾಲಿಮನೆ ಅಷ್ಟೇನ್ ಭಾರ ಇಲ್ಲ ಬಿಡು" ಎನ್ನುತ್ತಾನೆ. ಸರಿ, ತೂಗಿಸಿಯೇ ಬಿಡೋಣ ಎಂದೆ.

ಮಾರ್ಚ್ 28, ಸಂಜೆ

ನೋಲನ್ ಮತ್ತೆ ಟ್ರಕ್ ಕೇಳಿ ತಂದ. ಖಾಲಿ ತೂಗಬೇಡಿ, ನಾಳೆಯೇ ಊರು ಬಿಡುವ ಹಾಗೆ ತುಂಬಿ ಎಂದ. ತುಂಬಿದೆ. ಬಟ್ಟೆ, ಫೋಟೋ, ಅಮ್ಮನ ಎರಕದ ಪಾತ್ರೆಗಳು, ನೀರಿನ ಟ್ಯಾಂಕು ಭರ್ತಿ, ಫ್ರೀಜರಿನ ಸಿಗಡಿ ಎಲ್ಲ ಐಸ್ ಪೆಟ್ಟಿಗೆಗೆ. ಯಾರೂ ಸಿಗಡಿ ಬಿಟ್ಟು ಓಡುವುದಿಲ್ಲ, ನಾನೇಕೆ ಬಿಡಲಿ. ಕೊನೆಗೆ ದ್ರಾವಣದ ಡಬ್ಬಗಳು. ಮುಂಭಾಗದಲ್ಲಿ ಮಂಚದ ಕೆಳಗಿನ ಗೂಡಿಗೆ. ಅದೊಂದೇ ಜಾಗಕ್ಕೆ ಎಲ್ಲವೂ ಹಿಡಿಯುವುದು. ಎಂದರೆ ಆ ಭಾರವೆಲ್ಲ ನೇರ ಟ್ರಕ್ಕಿನ ಬೆನ್ನಿಗೆ.

ಹೆದ್ದಾರಿ ಪಕ್ಕದ ತೂಕದ ಕಟ್ಟೆಯಲ್ಲಿ ಚೀಟಿ ಬಂತು. ನೋಲನ್ ಸಿಳ್ಳೆ ಹಾಕಿದ.

"ಎಲ್ಲ ಇವಳ ಪಾತ್ರೆಗಳು" ಎಂದ ಅಲ್ಸೀಡ್.

"ನನ್ನ ಪಾತ್ರೆ ಹಿಂದುಗಡೆ ಇರೋದು. ಮುಂದಿರೋದು ನಿನ್ನ ಡಬ್ಬ."

ಬಾಯಿಂದ ಬಿದ್ದೇ ಹೋಯಿತು. ಅವನು ತೂಕದ ಕಟ್ಟೆಯನ್ನೇ ನೋಡುತ್ತ ನಿಂತ.

"ಹಂಗಾದ್ರೆ ಎಲ್ಲಕ್ಕಿಂತ ಭಾರ ನಾನೇ. ನನ್ನ ಬಿಟ್ಟು ಹೋದ್ರೆ ಹಳೇ ಕಾರೇ ಸಾಕು."

ಸಿಟ್ಟು ನೆತ್ತಿಗೇರಿತು. ಇನ್ನೊಂದು ಸಲ ಹಾಗಂದರೆ ಇಲ್ಲೇ ಲಾರಿಯವರ ಜೊತೆ ಹತ್ತಿಸಿ ಕಳಿಸುತ್ತೇನೆ ಎಂದೆ. ನೋಲನ್ ತಿನ್ನಲು ಬೂದನ್ ಸಾಸೇಜ್ ತರುತ್ತೇನೆಂದು ಅಂಗಡಿಯೊಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಎದೆ ಇನ್ನೂ ಉರಿಯುತ್ತಿದೆ. ಭಾರವಂತೆ.

ಏಪ್ರಿಲ್ 3

ಜೆನಿಂಗ್ಸ್‌ನಲ್ಲಿ ಒಂದು ಸಿಕ್ಕಿದೆ. ಭತ್ತ ಬೆಳೆಯುವವರ ಬಳಿ ಇದ್ದದ್ದು. ಹಿಂದೆ ನಾಲ್ಕು ಚಕ್ರ. ಡೀಸೆಲ್. ಬಟ್ಟೆಯ ಸೀಟು, ಒಳಗೆ ತೌಡಿನ ವಾಸನೆ. ಹಳದಿ ಚೀಟಿ ಓದಿದೆ, ನಮ್ಮ ತೂಕ ಹೊತ್ತ ಮೇಲೂ ಮಿಗುತ್ತದೆ. ತೊಟ್ಟಿ ಉದ್ದ, ತಿರುವಿನಲ್ಲಿ ಗಾಲಿಮನೆಯ ಮೂಲೆ ಕ್ಯಾಬಿನ್ನಿನ ಗಾಜಿಗೆ ಬಡಿಯುವುದಿಲ್ಲ. ಡೀಸೆಲ್ ಆಗಿದ್ದೂ ಒಳ್ಳೆಯದೇ ಎಂದ ನೋಲನ್. ಊರಿಗೆ ಊರೇ ಓಡುವಾಗ ಪೆಟ್ರೋಲಿನ ಸಾಲು ಮೈಲಿಗಟ್ಟಲೆ, ಲಾರಿಯವರ ಪಂಪಿನಲ್ಲಿ ಅಷ್ಟು ನೂಕುನುಗ್ಗಲು ಇರುವುದಿಲ್ಲ.

ಒಂದೇ ತೊಂದರೆ. ಬೇರೆ ಕಂಪನಿಯದ್ದು.

"ಅಪ್ಪ ಇದ್ದಿದ್ರೆ ಅಂಗಳಕ್ಕೂ ಸೇರಿಸ್ತಿರ್ಲಿಲ್ಲ" ಎಂದ ಅಲ್ಸೀಡ್. ಇಳಿದೂ ನೋಡಲಿಲ್ಲ. ಕಾರಿನಲ್ಲೇ ಕೂತಿದ್ದ, ಮುಖ ಆಚೆ ತಿರುಗಿಸಿಕೊಂಡು.

ಏಪ್ರಿಲ್ 9

ಬೆಳಗ್ಗೆ ಕ್ಷೌರ ಮಾಡಿಕೊಳ್ಳುವಾಗ ಅವನಿಗೆ ತಲೆ ಸುತ್ತಿತು. ಗೋಡೆ ಹಿಡಿದು ನಿಂತಿದ್ದ, ಅರ್ಧ ಮುಖಕ್ಕೆ ನೊರೆ. ಹೊಸದೇನಲ್ಲ. ರೊಶೆಲ್ ಹೇಳುತ್ತಲೇ ಇದ್ದಾಳೆ, ದೂರದ ಡ್ರೈವಿಂಗ್ ಬೇಡ ಎಂದು. ಇಬ್ಬರೂ ಕೇಳಿಸದವರ ಹಾಗೆ ಇದ್ದೆವು. ಟ್ರಕ್ ಅಂದರೆ ಓಡಿಸುವವನು ಅವನು, ಪಕ್ಕದಲ್ಲಿ ಕೂತು ಬೈಯುವವಳು ನಾನು. ನಲವತ್ತು ವರ್ಷದ ಪದ್ಧತಿ.

ಕುರ್ಚಿಗೆ ಕೂರಿಸಿ ನೊರೆ ಒರೆಸಿದೆ.

"ನೀನೇ ಓಡಿಸ್ಬೇಕು ಒಡೀಲ್" ಎಂದ.

"ಗೊತ್ತು."

"ಹಂಗಾದ್ರೆ ನಿನ್ನ ಕಾಲಿಗೆ ಬ್ರೇಕ್ ಸಿಗೋಂಥ ಟ್ರಕ್ ತಗೋಬೇಕು. ಅಪ್ಪನ ಮರ್ಯಾದೆಗೆ ತಗೊಂಡ್ರೆ ಅಪ್ಪ ಬಂದು ಓಡಿಸ್ತಾನಾ?"

ನಾನು ಕುಳ್ಳಿ. ಆ ಮುತ್ತಿನ ಬಣ್ಣದ್ದರಲ್ಲಿ ಕೂತಾಗ ನನಗೆ ಬಾನೆಟ್ಟಿನಾಚೆ ಆಕಾಶ ಮಾತ್ರ ಕಂಡಿತ್ತು. ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನವೇ ಜೆನಿಂಗ್ಸ್‌ಗೆ ಹೋದೆವು. ಭತ್ತದವರ ಟ್ರಕ್ಕಿಗೆ ಪೆಡಲ್‌ಗಳು ಗುಂಡಿ ಒತ್ತಿದರೆ ಮುಂದೆ ಬರುತ್ತವೆ. ಬಂದವು. ಪೂರ್ತಿ ಪಾದ ಊರಿತು. ಅಲ್ಸೀಡ್ ಕಿಟಕಿಯಿಂದ ಬಗ್ಗಿ ನೋಡಿ, "ಇದೇ" ಎಂದ. ಕಂಪನಿಯ ಹೆಸರಿನ ಮೇಲೆ ಕೈಯಿಟ್ಟು ಮುಚ್ಚಿಕೊಂಡೇ ಫೋಟೋ ತೆಗೆಸಿಕೊಂಡ.

ಮೇ 18

ಚರ್ಚಿನ ಹಿಂದಿನ ಬಯಲಿನಲ್ಲಿ ರಿವರ್ಸ್ ಅಭ್ಯಾಸ. ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ. ಮದುವೆಯಾದಾಗಿನಿಂದ ಇದೇ ಉಪಾಯದಲ್ಲಿ ಸಂಸಾರ ಮಾಡಿದ್ದೇನೆ, ಬೇಗ ಬಂತು.

ಟ್ರಕ್ಕಿನಿಂದ ಗಾಲಿಮನೆ ಬಿಚ್ಚುವುದು ಬರಲಿಲ್ಲ. ಎಲ್ಲ ಸರಿಯಾಗಿ ಮಾಡಿ, ತೊಟ್ಟಿಯ ಹಿಂದಿನ ಬಾಗಿಲು ಕೆಳಗಿಳಿಸುವುದನ್ನು ಮರೆತು ಟ್ರಕ್ ಮುಂದೆ ಬಿಟ್ಟೆ. ಗಾಲಿಮನೆಯ ಕುತ್ತಿಗೆ ಆ ಬಾಗಿಲನ್ನು ಹಪ್ಪಳ ಮಾಡಿತು. ಮೆಟ್ಟಿಲ ಮೇಲಿದ್ದ ಪಾದ್ರಿ ಶಿಲುಬೆಯ ಗುರುತು ಹಾಕಿಕೊಂಡರು.

"ಎಲ್ರೂ ಒಂದು ಸಲ ಮಾಡ್ತಾರೆ" ಎಂದ ನೋಲನ್. "ಅತ್ತಿಗೆ ಬೇಗ ಮುಗಿಸಿಕೊಂಡ್ರು, ಅಷ್ಟೆ."

ಅಲ್ಸೀಡ್ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ. ಅಷ್ಟು ನಕ್ಕದ್ದು ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ಬಾಗಿಲು ಹೋದರೆ ಹೋಗಲಿ.

ಆಗಸ್ಟ್ 23, ಮಧ್ಯಾಹ್ನ

ಬಂತು. ಚಂಡಮಾರುತ ಕೊಲ್ಲಿಯಲ್ಲಿ ಸುತ್ತುತ್ತಿದೆ, ಮೂತಿ ನಮ್ಮ ಕಡೆ. ಈ ಸಲದ್ದಕ್ಕೆ ಇಟ್ಟಿರುವ ಹೆಸರು ಅಲ್ಸೀಡ್ ನನಗಿಂತ ಮೊದಲು ಮದುವೆಯಾಗಬೇಕೆಂದಿದ್ದವಳ ಹೆಸರೇ. ಈ ಪುಸ್ತಕದಲ್ಲಿ ಬರೆಯುವುದಿಲ್ಲ.

ಎಣ್ಣೆ ಬಾವಿಯವರನ್ನೆಲ್ಲ ಇಳಿಸಿದ್ದಾರೆ. ನೋಲನ್ ದಡಕ್ಕೆ ಬಂದು ಫೋನ್ ಮಾಡಿದ. "ಗಾಳಿ ಎದ್ರೆ ಕಾಲುವೆ ಸೇತುವೆ ಮುಚ್ತಾರೆ ಅತ್ತಿಗೆ. ನಿಮ್ಮ ಗಾಲಿಮನೆ ನೌಕೆಯ ಹಾಯಿ ಇದ್ದ ಹಾಗೆ. ಗಾಳೀಲಿ ಸೇತುವೆ ಮೇಲೆ ಹೋಗ್ಬೇಡಿ. ಬೇಗ ಬಿಡಿ."

ಅಲ್ಸೀಡ್ ಕುರ್ಚಿ ಬಿಟ್ಟು ಏಳುತ್ತಿಲ್ಲ. "ನಾಳೆ ನೋಡೋಣ. ನಮ್ಮ ಮನೆಯೋರು ಊರು ಬಿಡಿ ಅಂತ ಶೆರಿಫ್ ಆರ್ಡರ್ ಬರೋಕ್ ಮುಂಚೆ ಹೊರಟಿದ್ದೇ ಇಲ್ಲ."

"ನಿಮ್ಮ ಮನೆಯೋರ ಹೊಟ್ಟೇಲಿ ನಳಿಗೆ ಇರ್ಲಿಲ್ಲ."

"ಬೇರೆ ಯಾರೂ ಇನ್ನೂ ಹೊರಟಿಲ್ಲ ಮಾರಾಯ್ತಿ. ನಗ್ತಾರೆ."

"ನಗ್ಲಿ. ನಕ್ಕೋರು ಯಾರೂ ಶ್ರೀವ್‌ಪೋರ್ಟಿಗೆ ನಿನ್ನ ನೋಡೋಕ್ ಬಂದಿರ್ಲಿಲ್ಲ."

ಡಬ್ಬ ಪೂರ್ತಿ ತುಂಬಿದೆ. ಟ್ರಕ್ ಜೋಡಿಸಿದೆ. ಕೊಂಡಿ ಕಚ್ಚಿದೆಯೇ ಎಂದು ಎರಡು ಸಲ ಎಳೆದು ನೋಡಿದೆ. ಅವನು ಏಳಲೆಂದು ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಈಗ ಹೋಗಿ ಎಂಜಿನ್ ಶುರು ಮಾಡುತ್ತೇನೆ. ಬಂದರೆ ಬರಲಿ. ಬರದಿದ್ದರೆ ಕುರ್ಚಿ ಸಮೇತ...

ಅದೇ ದಿನ, ಸಂಜೆ. ಡಿರಿಡರ್ ದಾಟಿ, ಡೀಸೆಲ್ ಪಂಪಿನಲ್ಲಿ

ಬಂದ. ಟೋಪಿ ಹಾಕಿಕೊಂಡು, ಎಲ್ಲ ತನ್ನದೇ ತೀರ್ಮಾನ ಎನ್ನುವ ಹಾಗೆ.

ಸೇತುವೆಯ ಬುಡದಲ್ಲಿ ಗಾಳಿ ಆಗಲೇ ಜೊಂಡನ್ನು ಮಲಗಿಸುತ್ತಿತ್ತು. ನಿಂತರೆ ಧೈರ್ಯ ಹೋಗುತ್ತದೆಂದು ನಿಲ್ಲಲಿಲ್ಲ. ಏರಿನಲ್ಲಿ ಎಂಜಿನ್ ದನಿ ಬದಲಾಯಿತು, ಅಷ್ಟೆ, ವೇಗ ಇಳಿಯಲಿಲ್ಲ. ಮೇಲೆ ಹೋದಾಗ ಅಡ್ಡಗಾಳಿ ಒಮ್ಮೆ ತಳ್ಳಿತು. ಹಿಂದಿನ ನಾಲ್ಕು ಚಕ್ರ ನೆಲ ಕಚ್ಚಿ ನಿಂತವು. ಇಳಿಜಾರಿನಲ್ಲಿ ಮನೆ ಬಂದು ಬೆನ್ನಿಗೆ ಗುದ್ದುತ್ತದೆಂದು ಭುಜ ಬಿಗಿಹಿಡಿದಿದ್ದೆ. ಗುದ್ದಲಿಲ್ಲ. ಟ್ರಕ್ಕೇ ತಡೆದುಕೊಂಡಿತು. ಕೆಳಗೆ ಬಂದ ಮೇಲೆ ಜೋರಾಗಿ ಅತ್ತೆ. ನಿಲ್ಲಿಸದೇ, ಓಡಿಸಿಕೊಂಡೇ.

"ಅಳು, ಪರವಾಗಿಲ್ಲ. ರಸ್ತೆ ನೋಡ್ಕೊಂಡ್ ಅಳು" ಎಂದ ಅಲ್ಸೀಡ್.

ಸ್ವಲ್ಪ ದೂರ ಹೋಗಿ ಪಕ್ಕಕ್ಕೆ ತಿರುಗಿದೆ. ನೋಡಿದರೆ ನಿದ್ದೆ. ನಾನು ಓಡಿಸುವಾಗ ಕಾಲಡಿಯಲ್ಲಿ ಇಲ್ಲದ ಬ್ರೇಕ್ ತುಳಿಯುತ್ತಿದ್ದ ಮನುಷ್ಯ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ.

ರೇಡಿಯೋದಲ್ಲಿ ಹೇಳಿದರು. ಸೇತುವೆ ಮುಚ್ಚಿದ್ದಾರೆ.

ಆಗಸ್ಟ್ 24

ಮೆನಿ ಊರಿನಾಚೆ, ಕೆರೆಯ ಪಕ್ಕದ ಕ್ಯಾಂಪು. ಪೈನ್ ಮರಗಳು. ಕರೆಂಟ್ ಇದೆ, ನೀರಿದೆ. ಬಾಗಿಲು ಮುಚ್ಚಿ, ಕೈ ತೊಳೆದು, ಮೆಷಿನ್ ಜೋಡಿಸಿದೆ. ಮನೆಯಲ್ಲಿ ಮಾಡುವ ಹಾಗೆಯೇ. ಅಷ್ಟು ಸುಲಭವಾಗಿದ್ದಕ್ಕೇ ಭಯವಾಯಿತು. ಕಳೆದ ಸಲವೂ ಮೊದಲೆರಡು ದಿನ ಏನೂ ಆಗಿರಲಿಲ್ಲ. ದಾರಿಯ ಧೂಳು, ಡೀಸೆಲ್ ಮುಟ್ಟಿದ ನನ್ನ ಕೈ, ಯಾವುದರಿಂದ ಏನು ತಗುಲಿದೆಯೋ. ಈಗ ಕಾಯುವುದಷ್ಟೇ. ಗಳಿಗೆಗೊಮ್ಮೆ ಅವನ ಹಣೆ ಮುಟ್ಟುತ್ತಿದ್ದೇನೆ, ಬೈಯುತ್ತಾನೆ.

ಆಗಸ್ಟ್ 26

ನೋಲನ್ ಊರಿನೊಳಗೆ ಹೋಗಿ ಬಂದನಂತೆ, ಫೋನ್ ಮಾಡಿದ್ದ. ಕಂಬಗಳ ಮೇಲೆ ಕಟ್ಟಿದ ನಮ್ಮ ಮನೆ ಹಾಗೇ ನಿಂತಿದೆ. ಮೆಟ್ಟಿಲು ಇಲ್ಲ, ಕೊಚ್ಚಿಹೋಗಿದೆ. "ಮನೆ ಇದೆ, ಹೋಗೋಕ್ ಆಗಲ್ಲ. ಸಾಲ ಕೊಟ್ಟೋರಿಗೂ ಬರೋಕ್ ಆಗಲ್ಲ ಬಿಡಿ" ಎಂದ. ನಕ್ಕೆವು.

ತಡವಾಗಿ ಹೊರಟ ನಮ್ಮ ಬೀದಿಯವರು ಇನ್ನೂ ಯಾವುದೋ ಹಾಲ್‌ನಲ್ಲಿ ಮಲಗುತ್ತಿದ್ದಾರೆ. ಸಿಗಡಿ ಪೂರ್ತಿ ಬೇಯಿಸಿ ಕ್ಯಾಂಪಿನವರಿಗೆಲ್ಲ ಬಡಿಸಿದೆ. ಪಥ್ಯದ ಅಲ್ಸೀಡನಿಗೆ ನಾಲ್ಕೇ ನಾಲ್ಕು. ಐದನೆಯದು ಕದ್ದ, ನೋಡಿಯೂ ಸುಮ್ಮನಿದ್ದೆ.

ಜ್ವರ ಇಲ್ಲ. ಹೊಟ್ಟೆ ನೋವಿಲ್ಲ ಎನ್ನುತ್ತಾನೆ. ಕಳೆದ ಸಲವೂ ಇಲ್ಲ ಎಂದೇ ಹೇಳಿದ್ದ.

ಆಗಸ್ಟ್ 28, ಬೆಳಗ್ಗೆ

ರೊಶೆಲ್ ಫೋನ್. "ಇವತ್ತಿಗೂ ನೀರು ತಿಳಿಯಾಗಿದ್ರೆ ಗೆದ್ರಿ ಅಂತ್ಲೇ ಲೆಕ್ಕ. ಚೀಲದ ಹಿಂದೆ ಪೇಪರ್ ಹಿಡಿದು ನೋಡಿ. ಅಕ್ಷರ ಓದೋಕ್ ಬರ್ಬೇಕು" ಎಂದಳು.

ನನಗೆ ನೋಡಲು ಧೈರ್ಯವಾಗಲಿಲ್ಲ. ಕ್ಯಾಂಪಿನವರ ಹಳೆಯ ಪೇಪರ್ ತಂದು ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿ, ಇದನ್ನು ಬರೆಯುತ್ತ ಕೂತಿದ್ದೇನೆ. ಅಲ್ಸೀಡನೇ ಚೀಲ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದ. ಕನ್ನಡಕ ಹುಡುಕಿದ. ಎಷ್ಟು ಹೊತ್ತು ಬೇಕು ಒಬ್ಬ ಮನುಷ್ಯನಿಗೆ.

ಚೀಲದ ಹಿಂದೆ ಪೇಪರ್ ಹಿಡಿದ ಸದ್ದು.

ಈಗ ಗಂಟಲು ಸರಿಮಾಡಿಕೊಂಡ. ಓದುತ್ತಿದ್ದಾನೆ, ಚರ್ಚಿನಲ್ಲಿ ಪೂಜೆಗೆ ಪಾಠ ಓದುವ ದನಿಯಲ್ಲಿ. "ಭಾನುವಾರ, ಅಗ್ನಿಶಾಮಕದವರ ಸಹಾಯಾರ್ಥ, ಕರಿದ ಮೀನಿನ ಊಟ. ಮಕ್ಕಳಿಗೆ ಅರ್ಧ ಬೆಲೆ." ದೇವರೇ. ಸಣ್ಣ ಅಕ್ಷರ ಅದು. "ಕಳೆದುಹೋಗಿದೆ: ಕಂದು ಬಣ್ಣದ ಹೆಣ್ಣು ನಾಯಿ, ಒಂದು ಕಿವಿ ಇಲ್ಲ, ಹೆಸರು..." ನಿಲ್ಲಿಸು ಎಂದರೆ ನಿಲ್ಲಿಸುತ್ತಿಲ್ಲ. ಇನ್ನೂ ಸಣ್ಣದನ್ನು ಹುಡುಕಿ ಹುಡುಕಿ ಓದುತ್ತಿದ್ದಾನೆ, ಒಂದೂ ಅಕ್ಷರ ಬಿಡದೆ, ಈಗ ಹವಾಮಾನ, ಈಗ